ಒಪ್ಪತ್ತಿನವರ ಪರಿಭಾಷೆ

ಆಹಾರಕ್ರಮಗಳಲ್ಲೆಲ್ಲ ಸರಳವಾದದ್ದು ಒಪ್ಪತ್ತು. ಸೂತ್ರ ಇಷ್ಟೇ: ದಿನಕ್ಕೆ ಒಂದೇ ಹೊತ್ತು ಊಟ. ಆದರೆ ಸೂತ್ರ ಕಿರಿದಾದಷ್ಟೂ ಭಾಷ್ಯ ಹಿರಿದಾಗುವುದು ನಮ್ಮ ಶಾಸ್ತ್ರಗಳ ಜಾಯಮಾನ. ಒಪ್ಪತ್ತಿನ ಭಾಷ್ಯವನ್ನು ಯಾರೂ ಬರೆದಿಟ್ಟಿಲ್ಲ; ಅದು ಅಡುಗೆಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು.

ಮೊದಲ ಪದ 'ಊಟ'. ಲಕ್ಷಣ: ಅನ್ನವಿದ್ದರೆ ಊಟ, ಇಲ್ಲದಿದ್ದರೆ ತಿಂಡಿ. ಶನಿವಾರ ರಾತ್ರಿ ನಮ್ಮ ಸೋದರತ್ತೆ ಐದು ಚಪಾತಿ, ಬದನೆಕಾಯಿ ಪಲ್ಯ, ಒಂದು ಬಟ್ಟಲು ಮೊಸರು ಮುಗಿಸಿ "ಊಟ ಇಲ್ಲ ಕಣೋ, ಇವತ್ತು ಒಪ್ಪತ್ತು" ಎಂದರೆ ಅದರಲ್ಲಿ ಸುಳ್ಳಿನ ಎಳೆಯೂ ಇಲ್ಲ.

ಹಾಗಾದರೆ 'ಅನ್ನ' ಯಾವುದು? ಅಕ್ಕಿಯಿಂದಾದದ್ದೆಲ್ಲ ಅನ್ನವೆಂದರೆ ಅತಿವ್ಯಾಪ್ತಿ ದೋಷ. ಪಾಪ, ಅವಲಕ್ಕಿ ಸಿಕ್ಕಿಬೀಳುತ್ತದೆ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿದ ಈ ಪದಾರ್ಥ ಅಕ್ಕಿಯ ಒಡಹುಟ್ಟು, ಆದರೂ ಒಪ್ಪತ್ತಿನ ರಾತ್ರಿಗೆ ಸಲ್ಲುತ್ತದೆ. ಹೆಸರಲ್ಲಿ ಅಕ್ಕಿ ಇದ್ದದ್ದನ್ನು ಬಿಡೋಣವೆಂದರೆ ಸಾಬಕ್ಕಿ ಅಡ್ಡ ಬರುತ್ತದೆ. ಅದು ಮರಗೆಣಸಿನ ಪಿಷ್ಟ. ಸಿದ್ಧಾಂತವೇನೆಂದರೆ, ಮುಸುರೆಯಾಗುವುದು ಅನ್ನ. ಹಸಿ ಅಕ್ಕಿಗೆ ನೀರು ಬೆರೆತು ಬೆಂದರೆ ಮುಸುರೆ. ಅದೇ ಅಕ್ಕಿಯನ್ನು ಮೊದಲು ಹುರಿದುಕೊಂಡರೆ ದೋಷ ಹೋಯಿತೆನ್ನುವ ಪಂಥವಿದೆ. ಅಕ್ಕಿತರಿ ಉಪ್ಪಿಟ್ಟು ಬದುಕಿರುವುದು ಆ ಪಂಥದ ಕೃಪೆಯಿಂದ. ದೋಸೆಯ ವಿಷಯದಲ್ಲಿ ಮನೆಗೊಂದು ಮತ. ನಾನು ಮಧ್ಯಸ್ಥಿಕೆಗೆ ಹೋಗುವುದಿಲ್ಲ, ಹೋಗಿ ಪಟ್ಟದ್ದು ಸಾಕು.

'ಪಲಾರ' ಫಲಾಹಾರದ ತದ್ಭವ. ಇಲ್ಲಿ ಫಲವೆಂದರೆ ಹಣ್ಣೆಂದು ತಿಳಿಯುವವನು ಹೊಸಬ. ಗೋಧಿರವೆ ಉಪ್ಪಿಟ್ಟೂ ಒಂದು ಫಲವೇ, ಯಾವ ಮರದಲ್ಲಿ ಬಿಡುತ್ತದೆಂದು ಕೇಳಬಾರದು.

ಎಲ್ಲಕ್ಕಿಂತ ಗಹನವಾದ ಪದ 'ಏನಾದರೂ'. "ರಾತ್ರಿಗೆ ಏನಾದರೂ ಸಾಕು" ಎಂಬ ವಾಕ್ಯದಲ್ಲಿ ಇದು ಅಲ್ಪತ್ವವನ್ನು ಸೂಚಿಸುವಂತೆ ಕಂಡರೂ, ಅನುಭವದಲ್ಲಿ ಊಟಕ್ಕಿಂತ ಎರಡು ಬಾಣಲೆ ಹೆಚ್ಚು ಬೇಡುತ್ತದೆ. ಈರುಳ್ಳಿ ಮಾತ್ರ ಇರಕೂಡದು.

ಒಪ್ಪತ್ತಿನವರನ್ನು ಏಕಾದಶಿಯವರ ಜೊತೆ ಬೆರೆಸಬಾರದು. ನಿಷ್ಠೆಯ ಮಾಧ್ವರ ಮನೆಯಲ್ಲಿ ದಶಮಿಗೆ ಒಪ್ಪತ್ತು, ಏಕಾದಶಿಗೆ ನೀರೂ ಇಲ್ಲ, ದ್ವಾದಶಿ ಬೆಳಿಗ್ಗೆ ಪಾರಣೆ. ವರ್ಷಕ್ಕೆ 24 ಸಲ, ಅಧಿಕಮಾಸ ಬಂದರೆ 26. ಅಲ್ಲಿ 'ಏನಾದರೂ' ಎಂಬ ಪದವೇ ಇಲ್ಲ. ಚಾತುರ್ಮಾಸ್ಯದಲ್ಲಂತೂ ಪರಿಭಾಷೆ ತಲೆಕೆಳಗು: ತಿಂಗಳಿಗೊಂದರಂತೆ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ. ಯಾವುದನ್ನು ಬಿಡುತ್ತಾರೋ ಅದರದ್ದೇ ಹೆಸರು. ಇದನ್ನರಿಯದ ನಾನು ಕ್ಷೀರವ್ರತದ ನೆಂಟರಿಗೆ ಭಕ್ತಿಯಿಂದ ಗಟ್ಟಿ ಹಾಲಿನ ಪಾಯಸ ಮಾಡಿಸಿದ್ದೆ. ಅವರು ಎಲೆಯ ಮುಂದೆ ಕೈ ಕಟ್ಟಿ ಕುಳಿತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಉಳಿದದ್ದು ಕಾಫಿ. ಅದು ಅನ್ನವಲ್ಲ, ಪಲಾರವಲ್ಲ, ಮುಸುರೆಯಂತೂ ಅಲ್ಲ. ಯಾವ ವರ್ಗಕ್ಕೆ ಸೇರಿಸಲಿ ಎಂದು ಮೊನ್ನೆ ಶನಿವಾರ ಅತ್ತೆಯನ್ನೇ ಕೇಳಿದೆ.

"ಅತ್ತೆ, ಬೆಳಿಗ್ಗೆಯಿಂದ ಇದು ಎಷ್ಟನೆಯದು?"

"ಕಾಫಿಗೂ ಲೆಕ್ಕ ಇಡ್ತಾರೇನೋ?" ಎಂದು ಲೋಟ ಚಾಚಿದರು. "ಇನ್ನೊಂದು ಚೂರು ಡಿಕಾಕ್ಷನ್ ಹಾಕು."