ಹಿಂದಕ್ಕೂ ಡಿಸ್ಕ್ ಹಾಕಿಸುವವರು

ಜೀಪಿನ ಹಿಂದಿನ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಹಾಕಿಸುವವರು ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯ ಕಡೆ ಹೆಚ್ಚಾಗಿ ಸಿಗುತ್ತಾರೆ. ಇವರಿಗೆ ಕಾಫಿ ತೋಟ ಇರುತ್ತದೆ, ಇಲ್ಲವೇ ತೋಟ ಇದ್ದ ಕಾಲದ ಗತ್ತು ಉಳಿದಿರುತ್ತದೆ. ಮನೆಮಂದಿ ಓಡಾಡಲು ಬೇರೆ ಕಾರಿದೆ. ಜೀಪು ಇರುವುದು ಬಿಚ್ಚುವುದಕ್ಕೆ. ಅದು ಕೆಟ್ಟು ನಿಂತರೆ ಇವರಿಗೆ ಬೇಸರವಿಲ್ಲ, ಮೂರು ತಿಂಗಳು ಕೆಡದೆ ಓಡಿದರೆ ಕೈ ತುರಿಸತೊಡಗುತ್ತದೆ. ವಿಂಚ್, ಸ್ನಾರ್ಕೆಲ್, ದಪ್ಪ ಟಯರು ಎಲ್ಲ ಆದ ಮೇಲೆ ಬಾಕಿ ಉಳಿಯುವುದು ಹಿಂದಿನ ಬ್ರೇಕು.

ಡ್ರಮ್ಮಿನ ಮೇಲೆ ಇವರು ಹೇಳುವ ದೂರು ಪೂರ್ತಿ ಸುಳ್ಳಲ್ಲ. ಡ್ರಮ್ಮಿನ ಒಳಗೆ ಎರಡು ಲೈನರುಗಳು ಹೊರಕ್ಕೆ ಅಗಲಿ, ತಿರುಗುವ ಗೋಡೆಗೆ ಒತ್ತಿ ಗಾಡಿಯನ್ನು ನಿಲ್ಲಿಸುತ್ತವೆ. ಹಳ್ಳಕ್ಕಿಳಿದಾಗ ಒಳಗೆ ಹೊಕ್ಕ ನೀರು ಬೇಗ ಹೊರಬರುವುದಿಲ್ಲ. ಅದರ ಜೊತೆ ಬಂದ ಕೆಸರು ಅಲ್ಲೇ ಗಟ್ಟಿಯಾಗಿ ಲೈನರನ್ನೂ ಡ್ರಮ್ಮನ್ನೂ ತಿನ್ನುತ್ತದೆ. ಡಿಸ್ಕ್ ಬಯಲಲ್ಲೇ ಇರುವುದರಿಂದ ನೀರನ್ನು ಬೇಗ ಕೊಡವಿಕೊಳ್ಳುತ್ತದೆ, ಪ್ಯಾಡ್ ಬದಲಿಸುವುದೂ ಸುಲಭ. ಹಳ್ಳ ದಾಟಿದ ಮೇಲೆ ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟು ಒಂದಿಷ್ಟು ದೂರ ಓಡಿಸಿದರೆ ಡ್ರಮ್ಮೂ ಬಿಸಿಯಾಗಿ ಒಣಗುತ್ತದೆ. ಇವರ ಅಪ್ಪ ನಲವತ್ತು ಮಳೆಗಾಲ ಹಾಗೇ ಕಳೆದರು.

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ; ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಗಾಲಿಗಳದ್ದು. 2010ರ ಥಾರ್, 2020ರ ಹೊಸ ಥಾರ್, 2023ರ ಜಿಮ್ನಿ, ಮೂರೂ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟುಕೊಂಡೇ ಮಾರುಕಟ್ಟೆಗೆ ಬಂದವು. ಇದನ್ನು ಎತ್ತಿದವರಿಗೆ ಸಿದ್ಧ ಉತ್ತರವಿದೆ: "ಕಂಪನಿಯೋರು ದುಡ್ಡು ಉಳಿಸ್ತಾರೆ ಮಾರಾಯ, ಅಷ್ಟೇ." ಅದೇ ಹೊತ್ತಿಗೆ ಇವರ ಜೀಪಿನ ಮುಂದಿನ ಪ್ಯಾಡುಗಳು ಸವೆದು ತಗಡು ಕಾಣುತ್ತಿರುತ್ತದೆ. ಅವು ಹೊಸ ವಿಷಯವಲ್ಲವಾದ್ದರಿಂದ ಚರ್ಚೆಗೆ ಬರುವುದಿಲ್ಲ.

ಸಾಮಾನು ಹೊಂದಿಸುವುದು ಈ ಕೆಲಸದ ಅತಿ ಸುಖದ ಭಾಗ. ಬೆಂಗಳೂರಿಗೆ ಮದುವೆಗೆಂದು ಹೋದವರು ಧಾರೆಯ ಹೊತ್ತಿಗೆ ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿರುತ್ತಾರೆ. ಪೂರ್ತಿ ಕಿಟ್ ಕೊಳ್ಳುವುದು ಮರ್ಯಾದೆಗೆ ಕಮ್ಮಿ. ಡಿಸ್ಕ್ ಒಂದು ಗಾಡಿಯದು, ಗುಜರಿಯಲ್ಲಿ ಸಿಕ್ಕ ಕ್ಯಾಲಿಪರ್ ಇನ್ನೊಂದರ ಮುಂಗಾಲಿಯದು. ಎರಡಕ್ಕೂ ಸಂಬಂಧ ಕುದುರಿಸುವ ಬ್ರಾಕೆಟ್ಟು ಲೇತಿನವನ ಪಾಲಿಗೆ. ಡಿಸ್ಕ್ ಕ್ಯಾಲಿಪರಿನ ನಟ್ಟನಡುವೆ ತಿರುಗಬೇಕು, ಇಲ್ಲದಿದ್ದರೆ ಒಂದು ಪ್ಯಾಡ್ ಓರೆಯಾಗಿ ಸವೆಯುತ್ತದೆ. ಅದಕ್ಕಾಗಿ ವಾಷರುಗಳು ಸೇರುತ್ತವೆ, ಹೊರಬರುತ್ತವೆ, ಮತ್ತೆ ಸೇರುತ್ತವೆ. ಎಲ್ಲ ಸರಿಹೋಯಿತು ಅಂದಾಗ ಗಾಲಿ ಕೂರುವುದಿಲ್ಲ, ಕ್ಯಾಲಿಪರ್ ರಿಮ್ಮಿಗೆ ತಾಗುತ್ತದೆ.

ಮನೆಯವರಿಗೆ ಕೆಲಸ ಬೀಳುವುದು ಏರ್ ತೆಗೆಯುವಾಗ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಉಳಿದರೆ ಪೆಡಲು ನೆಲಕ್ಕಿಳಿದರೂ ಗಾಡಿ ನಿಲ್ಲುವುದಿಲ್ಲ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ, ಎಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡಗಾಲಿಯಿಂದ, ಶುರುಮಾಡುವುದು ವಾಡಿಕೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಒತ್ತುವವರು ಸಾಮಾನ್ಯವಾಗಿ ಹೆಂಡತಿ.

"ಒತ್ತು... ಹಿಡ್ಕೋ... ಬಿಡ್ಬೇಡ... ಬಿಟ್ಯಾ?"

"ಬಿಡು ಅಂದ್ರಲ್ಲ?"

"ಬಿಡ್ಬೇಡ ಅಂದೆ!"

"ಆ ಬೇಡ ಇಲ್ಲೀತನಕ ಬರ್ಲಿಲ್ಲ ಕಣ್ರೀ."

ಅರ್ಧ ಲೀಟರ್ ಆಯಿಲ್ ಮುಗಿಯುತ್ತದೆ, ಗುಳ್ಳೆ ಮುಗಿಯುವುದಿಲ್ಲ. ಚೆಲ್ಲಿದ ಆಯಿಲ್ ಬಿದ್ದಲ್ಲೆಲ್ಲ ಬಣ್ಣ ಏಳುತ್ತದೆ. ಸಂಜೆ ಆ ದಾರಿಯಲ್ಲಿ ಬಂದ ಮೇಸ್ತ್ರಿ, ಬಾಯಲ್ಲಿನ ಎಲೆಅಡಿಕೆ ಉಗಿದು, ಒಂದು ಸಲ ಬಗ್ಗಿ ನೋಡಿ ಹೇಳುತ್ತಾನೆ: "ಗೌಡ್ರೇ, ನಿಪ್ಪಲ್ ಕೆಳಗಿದೆಯಲ್ಲ." ಗಾಳಿ ಮೇಲಕ್ಕೇರುವ ವಸ್ತು, ನಿಪ್ಪಲ್ ಕ್ಯಾಲಿಪರಿನ ನೆತ್ತಿಯಲ್ಲಿರಬೇಕು. ಎಡದ ಕ್ಯಾಲಿಪರ್ ಬಲಕ್ಕೂ ಬಲದ್ದು ಎಡಕ್ಕೂ ಕೂತಿದ್ದರೆ ನಾಳೆ ಬೆಳಗಿನವರೆಗೆ ಒತ್ತಿದರೂ ಗಾಳಿ ಹೋಗದು. ಹೆಂಡತಿ ಏನೂ ಅನ್ನದೆ ಒಳಗೆ ಹೋಗುತ್ತಾರೆ. ಅನ್ನಬೇಕಾದ್ದನ್ನು ಮುಂದಿನ ಹಬ್ಬಕ್ಕೆ ನೆಂಟರೆಲ್ಲ ಸೇರಿದಾಗ ಅನ್ನುತ್ತಾರೆ.

ಇಷ್ಟಾದ ಮೇಲೂ ಜೀಪು ಹೊಸ ಬ್ರೇಕಿಗೆ ಒಗ್ಗಲು ಸಮಯ ಬೇಕು. ಡ್ರಮ್ಮಿಗೆಂದು ಮಾಡಿದ ಎಷ್ಟೋ ಹಳೆಯ ಮಾಸ್ಟರ್ ಸಿಲಿಂಡರುಗಳಲ್ಲಿ ಪೈಪಿನ ಒತ್ತಡ ಪೂರ್ತಿ ಇಳಿಯದಂತೆ ತಡೆಯುವ ಸಣ್ಣ ವಾಲ್ವ್ ಇರುತ್ತದೆ. ಡ್ರಮ್ಮಿನ ಸ್ಪ್ರಿಂಗು ಲೈನರನ್ನು ಹಿಂದಕ್ಕೆಳೆಯುವುದರಿಂದ ಅಲ್ಲಿ ಅದು ಬಾಧಕವಲ್ಲ. ಡಿಸ್ಕಿಗೆ ಅಂಥ ಸ್ಪ್ರಿಂಗಿಲ್ಲ. ಪ್ಯಾಡ್ ಒತ್ತಿಕೊಂಡೇ ಉಳಿದು, ಜೀಪು ಬ್ರೇಕ್ ಹಿಡಿದುಕೊಂಡೇ ಘಾಟಿ ಹತ್ತುತ್ತದೆ. ಇನ್ನೊಂದು ತೊಡಕು, ಡ್ರಮ್ಮಿನಲ್ಲಿ ಗಾಲಿಯ ತಿರುಗಾಟವೇ ಒಂದು ಲೈನರನ್ನು ಗೋಡೆಯತ್ತ ಎಳೆದು ಇನ್ನಷ್ಟು ಒತ್ತುತ್ತದೆ. ಡಿಸ್ಕಿನಲ್ಲಿ ಆ ಪುಕ್ಕಟೆ ಬಲವಿಲ್ಲ, ಪೂರ್ತಿ ಕಾಲಿನಿಂದ ಅಥವಾ ಬೂಸ್ಟರಿನಿಂದ ಬರಬೇಕು. ಬಲ ಹೆಚ್ಚಾದರೂ ಕಷ್ಟವೇ. ಒದ್ದೆ ಟಾರಿನಲ್ಲಿ ಹಿಂದಿನ ಗಾಲಿ ಮೊದಲು ಲಾಕ್ ಆದರೆ ಜೀಪಿನ ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ಹೊರಡುತ್ತದೆ. ಹಿಂದಿನ ಒತ್ತಡ ತಗ್ಗಿಸುವ ವಾಲ್ವ್ ಬೇಕೆಂದು ಆಗ ತಿಳಿಯುತ್ತದೆ, ಜೆ.ಸಿ. ರಸ್ತೆಗೆ ಇನ್ನೊಂದು ಮದುವೆ ಒದಗುತ್ತದೆ.

ಕೊನೆಗೆ ಹ್ಯಾಂಡ್‌ಬ್ರೇಕು. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಅದಕ್ಕೆ ಟ್ರಾನ್ಸ್‌ಫರ್ ಕೇಸಿನ ಹಿಂದೆ ಬೇರೆಯೇ ಪುಟ್ಟ ಡ್ರಮ್ಮಿತ್ತು, ಅಂಥದು ಉಳ್ಳವರು ಬಚಾವ್. ಉಳಿದವರ ಹ್ಯಾಂಡ್‌ಬ್ರೇಕಿನ ಕೇಬಲ್ ಹೋಗುತ್ತಿದ್ದುದು ಕಿತ್ತೆಸೆದ ಡ್ರಮ್ಮಿನ ಒಳಕ್ಕೇ. ಮುಂಗಾಲಿಯ ಕ್ಯಾಲಿಪರಿನಲ್ಲಿ ಕೇಬಲ್ ಸಿಕ್ಕಿಸುವ ಜಾಗವೇ ಇರುವುದಿಲ್ಲ. ಅದು ಇರುವ ಕ್ಯಾಲಿಪರ್ ದುಬಾರಿ ಎಂದು ಗುಜರಿಯಲ್ಲಿ ಬಿಟ್ಟು ಬಂದಿರುತ್ತಾರೆ. ಹೀಗೆ ಓಡುವಾಗ ಗಕ್ಕನೆ ನಿಲ್ಲುವ ಜೀಪು ನಿಲ್ಲಿಸಿ ಹೋದರೆ ಇಳಿಜಾರಿಗೆ ಓಡುತ್ತದೆ. ಸೀಟಿನ ಕೆಳಗೆ ಒಂದು ಕಲ್ಲು ಸೇರುತ್ತದೆ. ಸಂತೆಯ ದಿನ ಏರಿನಲ್ಲಿ ನಿಲ್ಲಿಸಿದಾಗ "ಟಯರಿಗೆ ಕಲ್ಲು ಕೊಡು" ಎಂಬ ಕೂಗಿಗೆ ಇಳಿಯುವವರು, ಪೆಡಲ್ ಒತ್ತಿದವರೇ. ನೋಡುತ್ತ ನಿಂತವರಿಗೆ ಇವರು ಆ ಹೊತ್ತಿನಲ್ಲೇ ಡಿಸ್ಕಿನ ಗುಣಗಾನ ಮಾಡುತ್ತಿರುತ್ತಾರೆ.

ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ಆರ್‌ಸಿ ನವೀಕರಿಸಬೇಕು, ಅದಕ್ಕೆ ಆರ್‌ಟಿಒ ತಪಾಸಣೆಯಾಗಬೇಕು. ಕಂಪನಿ ಕೊಟ್ಟ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಕಲ್ಲನ್ನು ಹ್ಯಾಂಡ್‌ಬ್ರೇಕೆಂದು ಇನ್‌ಸ್ಪೆಕ್ಟರೂ ಒಪ್ಪುವುದಿಲ್ಲ. ಹಿಂದಿನ ದಿನ ಕಾಫಿ ಗೋಡೌನಿನ ಮೂಲೆಯಿಂದ ಹಳೆಯ ಡ್ರಮ್ಮುಗಳು ಹೊರಬರುತ್ತವೆ, ಮೇಸ್ತ್ರಿ ಮಧ್ಯಾಹ್ನದೊಳಗೆ ಕೂರಿಸಿ ಕೊಡುತ್ತಾನೆ. ತಪಾಸಣೆ ಸಲೀಸಾಗಿ ಮುಗಿಯುತ್ತದೆ. ವಾಪಸು ಬರುವಾಗ ಹೆಂಡತಿ, "ಇವತ್ತು ಬ್ರೇಕ್ ಚೆನ್ನಾಗಿ ಹಿಡೀತಿದೆ ಅಲ್ವೇನ್ರೀ" ಅನ್ನುತ್ತಾರೆ. ಮರುದಿನ ಡಿಸ್ಕುಗಳು ಮತ್ತೆ ಏರುತ್ತವೆ. ನವೀಕರಣ ಐದು ವರ್ಷಕ್ಕೊಮ್ಮೆಯಾದ್ದರಿಂದ ಡ್ರಮ್ಮುಗಳಿಗೆ ಗ್ರೀಸ್ ಸವರಿ ಗೋಣಿಚೀಲದಲ್ಲಿ ಕಟ್ಟಿಡಲಾಗುತ್ತದೆ.