ಪೋಲಿ ಮಾತಿನ ಸಭ್ಯ ವ್ಯಾಪಾರ

ಲಂಡನ್ನಿನ ಅಂಗಡಿಗಳಲ್ಲಿ ಈಗ ಪೋಲಿ ಮಾತು ಮಾರಾಟಕ್ಕಿದೆ. ಮಗ್ಗಿನ ಮೇಲೆ, ಟವೆಲ್ಲಿನ ಮೇಲೆ ಚೆಂದಾಗಿ ಅಚ್ಚಾಗಿದೆ. ಕಾಕ್ನಿಗಳ, ಅಂದರೆ ಪೂರ್ವ ಲಂಡನ್ನಿನ ದುಡಿಯುವ ಜನರ, ಪ್ರಾಸದ ಮಾತಂತೆ. ಪ್ರವಾಸಿಗರು ಹಲ್ಲು ಕಿರಿದು ಕೊಳ್ಳುತ್ತಾರೆ. ಎಷ್ಟು ಮುದ್ದು ನೋಡಿ!

ಇದು ಹುಟ್ಟಿದ್ದು 19ನೇ ಶತಮಾನದಲ್ಲಿ, ಅಲ್ಲಿನ ಈಸ್ಟ್ ಎಂಡ್‌ನಲ್ಲಿ. ಆಡಿದವರು ತಳ್ಳುಗಾಡಿಯವರು, ಬೀದಿಯಲ್ಲಿ ಕೂಗಿ ಮಾರುವವರು. 1859ರಲ್ಲಿ ಪ್ರಕಾಶಕ ಜಾನ್ ಕ್ಯಾಮ್ಡೆನ್ ಹಾಟನ್ ಇದನ್ನು ನಿಘಂಟಿಗೆ ಸೇರಿಸಿದ. ಪುಸ್ತಕದ ಹೆಸರಿನಲ್ಲೇ ‘ವಲ್ಗರ್’ ಎಂಬ ಹಣೆಪಟ್ಟಿ. ಆಗ ಯಾರಿಗೂ ಮುದ್ದು ಬಂದಿರಲಿಲ್ಲ.

ಆಟವೇನೋ ಸೊಗಸಾಗಿದೆ. ‘ಲುಕ್’ ಅನ್ನಬೇಡಿ. ಪ್ರಾಸಕ್ಕೆ ‘ಬುಚರ್ಸ್ ಹುಕ್’ ಅನ್ನಿ. ಆಮೇಲೆ ಆ ಹುಕ್ಕನ್ನೂ ನುಂಗಿಬಿಡಿ. ಉಳಿದದ್ದು ಬರೀ ‘ಬುಚರ್ಸ್’. ಗೆಳೆಯನಿಗೆ ತಿಳಿಯಿತು. ಪಕ್ಕದಲ್ಲಿ ಕಿವಿಗೊಟ್ಟು ನಿಂತವನು ಪೆಚ್ಚಾದ. ಪುಕ್ಕಟೆ ಮಜಾ.

ಮರ್ಯಾದಸ್ಥರ ಪಾಡು ಇನ್ನೂ ಮಜಾ. ಪೆದ್ದನನ್ನು ಅವರೂ ‘ಬರ್ಕ್’ ಎನ್ನುತ್ತಾರೆ. ಅದು ‘ಬರ್ಕ್ಲಿ ಹಂಟ್’ನ ತುಂಡು, ಸಿರಿವಂತರ ನರಿಬೇಟೆಯ ತಂಡವೊಂದರ ಹೆಸರು. ಆ ‘ಹಂಟ್’ಗೆ ಪ್ರಾಸ ಹುಡುಕಿ. ಇಂಗ್ಲಿಷಿನ ಪರಮ ಹೊಲಸು ಪದ ಸಿಗುತ್ತದೆ. ಇವರು ಅದನ್ನು ಟೀ ಕುಡಿಯುತ್ತಾ, ಹೆಂಗಸರು ಮಕ್ಕಳ ಮುಂದೆಯೇ ಆಡುತ್ತಾರೆ.

2009ರಲ್ಲಿ ಪೂರ್ವ ಲಂಡನ್ನಿನ ಕೆಲವು ಎಟಿಎಂಗಳಿಗೂ ಚಪಲ ಹತ್ತಿತು. ಕ್ಯಾಶ್ ‘ಸಾಸೇಜ್ ಅಂಡ್ ಮ್ಯಾಶ್’ ಆಯಿತು. ಪಿನ್ ಕೇಳುವ ಬದಲು ‘ಹಕಲ್‌ಬೆರಿ ಫಿನ್’ ಕೇಳಿದವು. ಜನ ನಕ್ಕರು. ಪತ್ರಿಕೆಗಳು ಬರೆದವು. ಯಂತ್ರದ ಭಾಷೆ ಕೆಟ್ಟಿತೆಂದು ಯಾರೂ ಕೊರಗಲಿಲ್ಲ.

ನಾಲ್ಕೇ ವರ್ಷ. 2013ರಲ್ಲಿ ದಕ್ಷಿಣ ಲಂಡನ್ನಿನ ಶಾಲೆಯೊಂದು ‘ಇನ್ನಿಟ್’, ‘ಏಂಟ್’, ‘ಬೇರ್’ ಮುಂತಾದ ಇಂದಿನ ಬೀದಿ ಹುಡುಗರ ಮಾತುಗಳನ್ನು ನಿಷೇಧಿಸಿ ಬೋರ್ಡು ತಗುಲಿಹಾಕಿತು. ಹುಡುಗರಿಗೆ ಮುಂದೆ ಕೆಲಸ ಸಿಗಲೆಂಬ ಕಾಳಜಿಯಂತೆ.

ಲೆಕ್ಕ ಸ್ಪಷ್ಟ. ಸತ್ತ ತಳ್ಳುಗಾಡಿಯವನ ಮಾತು ಪರಂಪರೆ. ಬದುಕಿರುವ ಬಡಹುಡುಗನ ಮಾತು ಪಿಡುಗು. ಅದರಲ್ಲೂ ಅವನ ಅಪ್ಪ ಅಮ್ಮ ಜಮೈಕಾದಿಂದಲೋ ಬಾಂಗ್ಲಾದೇಶದಿಂದಲೋ ಬಂದವರಾದರೆ ಮುಗಿಯಿತು.

ಹಳೆಯ ಕಾಕ್ನಿ ಕುಟುಂಬಗಳೂ ಬಹುಪಾಲು ಎಸೆಕ್ಸ್ ಕಡೆ ಗಂಟುಮೂಟೆ ಕಟ್ಟಿವೆ. ಈಸ್ಟ್ ಎಂಡ್‌ನ ಬಾಡಿಗೆ ಅವರ ಕೈಗೆಟುಕುವುದಿಲ್ಲ. ಅವರ ಮಾತು ಮಾತ್ರ ಬೇಕು, ಅದೂ ಮಗ್ಗಿನ ಮೇಲೆ. ತೊಳೆದಿಡಬಹುದು, ಎದುರು ಮಾತಾಡುವುದಿಲ್ಲ.

ಇಂಥ ಬುದ್ಧಿವಂತರನ್ನು ಏನೆಂದು ಕರೆಯೋಣ? ‘ಬರ್ಕ್’ ಅನ್ನೋಣ. ಬೇಜಾರಾಗಲಾರರು. ಅವರ ಪ್ರಕಾರ ಅದು ಸಭ್ಯ ಪದ.