ಕೋರಂ ಆಗದಿದ್ದರೆ

ಆಟ ಆಡಲು ಒಂದು ಚೆಂಡಿದ್ದರೆ ಸಾಕು; ಆಡುವವರ ಸಂಘ ಕಟ್ಟಲು ಬೈಲಾ ಬೇಕು. ಮುಂಬಯಿ ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ. ಊರು ಬಿಟ್ಟು ಬಂದವನು ಮೊದಲು ಕೆಲಸ ಹುಡುಕುತ್ತಾನೆ, ಆಮೇಲೆ ಖೋಲಿ, ಆಮೇಲೆ ಸಂಘ. ಇದ್ದ ಸಂಘದಲ್ಲಿ ಮನಸ್ತಾಪವಾದರೆ ಇನ್ನೊಂದು ಸಂಘ.

ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ಟೆನಿಸ್ ಬಾಲ್ ಕ್ರಿಕೆಟ್, ವಾಲಿಬಾಲ್ ಆಡಿಕೊಂಡು, ಚಳಿಗಾಲದಲ್ಲಿ ಹೆಂಗಸರ ತ್ರೋಬಾಲ್, ಹಗ್ಗಜಗ್ಗಾಟ ಎಲ್ಲ ಸೇರಿಸಿ ಒಂದು ಕ್ರೀಡೋತ್ಸವ ಮಾಡಿಕೊಂಡು ನಮ್ಮ ಬಳಗ ಸುಖವಾಗಿತ್ತು. ಆದರೆ ಮೈದಾನ ಕೇಳಲು ಹೋದರೆ "ರಜಿಸ್ಟ್ರೇಷನ್ ನಂಬರ್?", ಬ್ಯಾಂಕ್ ಖಾತೆ ತೆರೆಯಲು ಹೋದರೆ "ರಜಿಸ್ಟ್ರೇಷನ್ ನಂಬರ್?". ಕೊನೆಗೆ ನೋಂದಣಿಯ ನಿರ್ಧಾರವಾಯಿತು, ಬೈಲಾ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾನು ಆಡುವುದಿಲ್ಲ, ಸ್ಕೋರ್ ಬರೆಯುತ್ತೇನೆ. ಹೇಗೂ ಬರೆಯುತ್ತಾರಲ್ಲ, ಇದನ್ನೂ ಬರೆಯಲಿ ಎಂಬುದು ಆಡುವವರ ಲೆಕ್ಕ.

ಬರೆಯುವ ಮೊದಲು ಓದಬೇಕಲ್ಲ. ಸಂಘಗಳ ನೋಂದಣಿ ಕಾಯ್ದೆ 1860ರದು. ಏಳು ಜನ ಸಹಿ ಹಾಕಿದರೆ ಸಂಘವಾಗುತ್ತದೆ ಎನ್ನುವ ಉದಾರ ಕಾಯ್ದೆ. ಯಾವ ಯಾವ ಉದ್ದೇಶಕ್ಕೆ ಸಂಘ ಕಟ್ಟಬಹುದು ಎಂದು ಅದರ ಕೊನೆಗೊಂದು ಪಟ್ಟಿ ಇದೆ. ವಿಜ್ಞಾನ, ಸಾಹಿತ್ಯ, ಲಲಿತಕಲೆ, ಗ್ರಂಥಾಲಯ, ವಸ್ತುಸಂಗ್ರಹಾಲಯ, ಸೈನಿಕರ ಅನಾಥ ಮಕ್ಕಳ ನಿಧಿ ಎಲ್ಲ ಇವೆ. ಅಂದಿನ ಆ ಪಟ್ಟಿಯಲ್ಲಿ ಆಟದ ಸುದ್ದಿಯೇ ಇಲ್ಲ. ಮಹಾರಾಷ್ಟ್ರದಲ್ಲಿ ಇದರ ಮೇಲೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯೂ ಉಂಟು. ಚಾರಿಟಿ ಕಮಿಷನರ್ ಕಚೇರಿಯ ಮೆಟ್ಟಿಲು ಹತ್ತದೆ ಗತಿಯಿಲ್ಲ. ಹಾಗಾಗಿ ನಮ್ಮ ಉದ್ದೇಶಗಳ ಕಲಮು ಶಿಕ್ಷಣ, ಕಲೆ, ಸಾಹಿತ್ಯ, ಆರೋಗ್ಯ, ಪರಿಸರ ರಕ್ಷಣೆಗಳನ್ನೆಲ್ಲ ದಾಟಿ ಕೊನೆಯ ಸಾಲಿನಲ್ಲಿ ಕ್ರೀಡೆಗೆ ಬಂದು ತಲುಪಿತು. ಓದಿದವರಿಗೆ ನಾವು ವಿಶ್ವವಿದ್ಯಾಲಯ ತೆರೆಯುತ್ತಿದ್ದೇವೆ ಅನ್ನಿಸಬೇಕು.

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರ ಅಕ್ಟೋಬರ್ 26ರಂದು, ಲಂಡನ್ನಿನ ಒಂದು ಪಾನಗೃಹದಲ್ಲಿ. ನಮ್ಮದು ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ, ಮಧ್ಯಾಹ್ನದ ಊಟದ ಗಿರಾಕಿ ಇಳಿದು ಸಂಜೆಯ ತಿಂಡಿಯ ಗಿರಾಕಿ ಏರುವ ನಡುವಿನ ಹೊತ್ತಿನಲ್ಲಿ. ಲಂಡನ್ನಿನವರಿಗೆ ಎದುರಾಳಿಯ ಮೊಣಕಾಲ ಕೆಳಗೆ ಒದೆಯಬಹುದೇ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಒದೆಯಬಾರದೆಂದು ಬಹುಮತ ಹೇಳಿದಾಗ, ಒದೆಯದ ಆಟ ಆಟವೇ ಅಲ್ಲವೆಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಎದ್ದುಹೋದರು. ನಮ್ಮಲ್ಲಿ ಒದೆತದ ಪ್ರಶ್ನೆ ಏಳಲಿಲ್ಲ; 'ಹವ್ಯಾಸಿ' ಯಾರು ಎಂಬಲ್ಲೇ ಗಾಡಿ ನಿಂತಿತು. 1879ರಲ್ಲಿ ಹೆನ್ಲಿ ದೋಣಿ ಸ್ಪರ್ಧೆಯವರು ಇದಕ್ಕೆ ನಿಯಮ ಬರೆದಾಗ, ಸಂಬಳಕ್ಕೆ ದುಡಿಯುವ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರರನ್ನು ಹೊರಗಿಟ್ಟಿದ್ದರು. ನಮ್ಮ ವಿಕೆಟ್‌ಕೀಪರ್ ಫ್ರಿಜ್ ರಿಪೇರಿಯವನು, ಸ್ಪಿನ್ನರ್ ಎಂಐಡಿಸಿಯ ಕಾರ್ಖಾನೆಯಲ್ಲಿ ಫಿಟ್ಟರ್. ಹೆನ್ಲಿಯ ಕಲಮು ಹಿಡಿದರೆ ಮೈದಾನದಲ್ಲಿ ಉಳಿಯುವವರು ಎಲ್‌ಐಸಿ ಏಜೆಂಟರೊಬ್ಬರು ಮತ್ತು ಸ್ಕೋರ್ ಬರೆಯುವ ನಾನು. "ಆಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಬಾರದು, ಅಷ್ಟೇ ಬರೀರಿ ಮಾಸ್ಟ್ರೇ" ಎಂದರು ಹೋಟೆಲಿನ ಅಣ್ಣ. "ನಮ್ಮ ಆಟಕ್ಕೆ ಯಾರು ಕೊಡ್ತಾರೆ ಅಂತಲೂ ಬರೀರಿ" ಎಂದ ಫಿಟ್ಟರ್.

ಮುಂದಿನದು ಕಾರ್ಯಕ್ಷೇತ್ರ. "ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ" ಎಂದು ಬರೆದೆ. ಖಾರ್‌ಘರ್‌ನ ಸದಸ್ಯರು ಕೈ ಎತ್ತಿದರು. ಖಾರ್‌ಘರ್ ನವಿ ಮುಂಬಯಿ ಹೌದೋ ಅಲ್ಲವೋ? ಕಟ್ಟಿದ್ದು ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ನಿಗಮವೇ, ಹಾಗಾಗಿ ಹೌದು. ಆದರೆ ನವಿ ಮುಂಬಯಿ ಮಹಾನಗರಪಾಲಿಕೆಯ ಗಡಿ ಬೇಲಾಪುರಕ್ಕೆ ಮುಗಿಯುತ್ತದೆ. ಖಾರ್‌ಘರ್ 2016ರಲ್ಲಿ ಆದ ಪನ್ವೇಲ್ ಪಾಲಿಕೆಗೆ ಸೇರಿದ್ದು. ಜಿಲ್ಲೆಯೂ ಠಾಣೆ ಅಲ್ಲ, ರಾಯಗಡ. ಎಡಗೈಯಲ್ಲಿ ಆಡುವ ಒಬ್ಬನೇ ಬ್ಯಾಟ್ಸ್‌ಮನ್ ಇರುವುದು ಅಲ್ಲಿ. ಕಲಮಿನ ಕೊನೆಗೆ "ಮತ್ತು ಸುತ್ತಮುತ್ತಲಿನ ಪರಿಸರ" ಎಂದು ಸೇರಿಸಿ ರಾಯಗಡವನ್ನು ಉಳಿಸಿಕೊಂಡೆವು.

ಪದಾಧಿಕಾರಿಗಳ ಕಲಮಿಗೆ ಬಂದಾಗ ಚಹಾ ಎರಡನೇ ಸಲ ಬಂತು. ಅಧ್ಯಕ್ಷ, ಕಾರ್ಯಾಧ್ಯಕ್ಷ, ಉಪಾಧ್ಯಕ್ಷರು, ಗೌರವ ಪ್ರಧಾನ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಕೋಶಾಧಿಕಾರಿ, ಜೊತೆ ಕೋಶಾಧಿಕಾರಿ, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ, ಯುವ ವಿಭಾಗದ ಕಾರ್ಯಾಧ್ಯಕ್ಷ, ಸಲಹೆಗಾರರು. ಆಮಂತ್ರಣ ಪತ್ರಿಕೆಯ ಒಂದು ಮಗ್ಗುಲು ತುಂಬುವಷ್ಟು. ಹಿರಿಯರೊಬ್ಬರಿಗೆ 'ಆಜೀವ ಅಧ್ಯಕ್ಷ' ಪದವಿ ಇರಲೆಂದು ಒಂದು ಸಲಹೆ ಬಂತು. ನಾನು ಕಬಡ್ಡಿಯ ಕತೆ ಹೇಳಿದೆ: ರಾಷ್ಟ್ರೀಯ ಹವ್ಯಾಸಿ ಕಬಡ್ಡಿ ಫೆಡರೇಷನ್ ತನ್ನ ಅಧ್ಯಕ್ಷರನ್ನು ಆಜೀವ ಅಧ್ಯಕ್ಷರನ್ನಾಗಿ ಮಾಡಿ ಅವರ ಪತ್ನಿಯನ್ನು ಅಧ್ಯಕ್ಷರ ಕುರ್ಚಿಗೆ ತಂದಿತ್ತು, 2018ರಲ್ಲಿ ದೆಹಲಿ ಹೈಕೋರ್ಟ್ ಎರಡನ್ನೂ ರದ್ದು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಲೋಧಾ ಸಮಿತಿಯ ಮಾತೂ ಬಂತು. ಅದು ಕ್ರಿಕೆಟ್ ಆಡಳಿತದಲ್ಲಿ 70 ದಾಟಿದವರು ಬೇಡವೆಂದಿತ್ತು, 2016ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತ್ತು. ಆದರೆ ನಮ್ಮಲ್ಲಿ ವಂತಿಗೆಯನ್ನು ಕೇಳದೆಯೇ ಕೊಡುವವರು, ಹೇಳಿದ ಹೊತ್ತಿಗೆ ಬಂದು ಕುರ್ಚಿ ಹಾಕುವವರು 70 ದಾಟಿದವರೇ. ವಯಸ್ಸಿನ ಮಿತಿಯನ್ನು ಕೈಬಿಟ್ಟೆವು.

ಇಷ್ಟೆಲ್ಲ ಆದ ಮೇಲೆ ಕೋರಂ. ನೂರೈವತ್ತು ವರ್ಷ ಮೀರಿದ ಕಾಯ್ದೆ ಬರೆದವರಿಗೆ ಹಳಿ ರಿಪೇರಿಗೆಂದು ಲೋಕಲ್ ಗಾಡಿಗಳನ್ನು ತಡೆಯುವ ಭಾನುವಾರದ ಮೆಗಾಬ್ಲಾಕ್ ಗೊತ್ತಿರಲಿಲ್ಲ. ನೆರೂಳ್, ವಾಶಿಯವರು ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಠಾಣೆಗೆ ಬಂದು, ಅಲ್ಲಿ ಕಲ್ಯಾಣದ ಕಡೆಯ ಗಾಡಿ ಹತ್ತಬೇಕು. ಎರಡರಲ್ಲಿ ಒಂದಕ್ಕೆ ಬ್ಲಾಕ್ ಇದ್ದೇ ಇರುತ್ತದೆ; ಇಲ್ಲದ ಭಾನುವಾರ ಊರಿನವರದೊಂದು ಮದುವೆ ಇರುತ್ತದೆ. ನಮ್ಮ ದೇಶದ ಸಂಘಗಳ ಬೈಲಾಗಳಲ್ಲಿ ಇದಕ್ಕೆ ತಲೆಮಾರುಗಳಿಂದ ಬಂದ ಒಂದು ಪರಿಹಾರವಿದೆ: ಗೊತ್ತುಪಡಿಸಿದ ಸಮಯಕ್ಕೆ ಕೋರಂ ಆಗದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡತಕ್ಕದ್ದು, ಅನಂತರ ಅದೇ ಸ್ಥಳದಲ್ಲಿ ಅದೇ ವಿಷಯಗಳ ಮೇಲೆ ನಡೆಯುವ ಸಭೆಗೆ ಕೋರಂನ ಅಗತ್ಯವಿಲ್ಲ. ಈ ಕಲಮನ್ನು ಮೊದಲು ಯೋಚಿಸಿದ ಪುಣ್ಯಾತ್ಮನಿಗೆ ಮನುಷ್ಯರ ಗುಣ ಚೆನ್ನಾಗಿ ಗೊತ್ತಿತ್ತು. ನಾವು ತಡವಾಗಿ ಬರುತ್ತೇವೆಂದು ಅವನಿಗೆ ಗೊತ್ತು. ಅವನು ಬೈಯುವುದಿಲ್ಲ, ದಂಡ ಹಾಕುವುದಿಲ್ಲ, ಅರ್ಧ ಗಂಟೆ ಕಾಯುತ್ತಾನೆ. ಆಮೇಲೂ ಬಾರದವರನ್ನು ಬಿಟ್ಟು ಕೆಲಸ ಸಾಗಿಸುತ್ತಾನೆ. ಬೈಲಾದ ಉಳಿದ ಕಲಮುಗಳನ್ನೂ ನಾನು ಆ ಮೇಲೆ ಇದೇ ಕಣ್ಣಿನಿಂದ ಓದತೊಡಗಿದೆ. ಕೋಶಾಧಿಕಾರಿ ಕೈಯಲ್ಲಿ ಹೆಚ್ಚು ನಗದು ಇಟ್ಟುಕೊಳ್ಳಬಾರದು, ಚೆಕ್ಕಿಗೆ ಇಬ್ಬರ ಸಹಿ ಇರಬೇಕು ಎನ್ನುವುದೂ ಯಾರ ಮೇಲಿನ ಅನುಮಾನದಿಂದ ಬಂದದ್ದಲ್ಲ. ಸ್ನೇಹ ಚೆನ್ನಾಗಿರುವಾಗಲೇ ಅದು ಕೆಡದಂತೆ ಮಾಡಿಟ್ಟ ಏರ್ಪಾಡು.

ಕೊನೆಯ ಕಲಮು ವಿಸರ್ಜನೆ. ಹುಟ್ಟುವ ಮೊದಲೇ ಸಾವಿನ ಮಾತು ಅಪಶಕುನವೆಂದು ಒಬ್ಬರು ಗೊಣಗಿದರೂ ಕಾಯ್ದೆ ಬಿಡುವುದಿಲ್ಲ. ಸಂಘ ಮುಚ್ಚಿದರೆ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ; ಇನ್ನೊಂದು ಸಂಘಕ್ಕೆ ಕೊಡಬೇಕು. ನಮ್ಮ ಆಸ್ತಿ ಎಂದರೆ ಬ್ಯಾಟುಗಳು, ವಾಲಿಬಾಲ್ ನೆಟ್, ಗಾಳಿ ಹೊಡೆಯುವ ಪಂಪು, ಹಗ್ಗಜಗ್ಗಾಟದ ಹಗ್ಗ. ಹಗ್ಗ ಎದುರು ತಂಡದವರ ಕೈಗೆ ಹೋಗಬಾರದೆಂದು ಗಟ್ಟಿಯಾಗಿಯೇ ಒಂದು ಮಾತು ಕೇಳಿಬಂತು. ಆಗ ಎಲ್‌ಐಸಿಯವರು ಲೆಕ್ಕ ಹಾಕಿದರು. ವಿಸರ್ಜನೆಗೆ ಒಟ್ಟು ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ ಸಭೆಯಲ್ಲಿ ಮತ ಹಾಕಬೇಕು. ಇಲ್ಲಿ ಅರ್ಧ ಗಂಟೆಯ ರಿಯಾಯಿತಿ ನಡೆಯದು. ಬಾರದವರು ಪ್ರಾಕ್ಸಿ ಕೊಡಬಹುದು, ಆದರೆ ವಾಟ್ಸಾಪಿನಲ್ಲಿ ಹೆಬ್ಬೆರಳು ಒತ್ತಿ ಸುಮ್ಮನಾಗುವ ನಮ್ಮವರಲ್ಲಿ ಕಾಗದ ಬರೆದು ಸಹಿ ಹಾಕಿ ಕಳಿಸುವವರು ಯಾರು? "ಅಂದರೆ ಮಾಸ್ಟ್ರೇ," ಎಂದರು ಅವರು, "ಮೆಗಾಬ್ಲಾಕ್ ಇರುವ ತನಕ ಈ ಸಂಘವನ್ನು ಯಾರಿಗೂ ಮುಚ್ಚಲಿಕ್ಕಾಗುವುದಿಲ್ಲ." ಕಲಮು ಸರ್ವಾನುಮತದಿಂದ ಪಾಸಾಯಿತು.